ಡ್ರೈವರ್ ಸೀಟಿನ ದೋಣಿ

ಯಮನಪ್ಪ ಅಂಬಿಗೇರನ ಅಂಗಳಕ್ಕ ದೋಣಿ ಬಂದಾಗ ಸಪ್ತಾಪುರದ ಆ ಓಣಿಗೆ ನಳದ ನೀರು ಬಂದು ವಾರದ ಮ್ಯಾಲಾಗಿತ್ತು. ಖಾಲಿ ಕೊಡ ಹಿಡಕೊಂಡು ನಿಂತ ಹೆಣ್ಣುಮಕ್ಕಳು, ಟೆಂಪೋದ ಮ್ಯಾಲ ಬೋರಲ ಬಿದ್ದ ಅಲ್ಯೂಮಿನಿಯಂ ದೋಣಿ ನೋಡಿ ನಕ್ಕಿದ್ದೇನು, ಕೇಕಿ ಹಾಕಿದ್ದೇನು! "ಯಮನಪ್ಪಣ್ಣಾ, ಮೊದಲ ನೀರು ತರಸ್ರಿ, ಆಮ್ಯಾಲ ದೋಣಿ ತರಸೀರಂತ" ಅಂದ್ಲು ಒಬ್ಬಾಕಿ. ಯಮನಪ್ಪನ ಕಿವಿಗೆ ಅದ್ಯಾವುದೂ ಬೀಳಲಿಲ್ಲ. ಅಂವ ಟೆಂಪೋದ ಬೆನ್ನ ಹಿಂದ ಸೈಕಲ್ ಮೋಟರ್ ಮ್ಯಾಲ ಬಂದಿದ್ದ, ಮಾರಿ ಮ್ಯಾಲ ಮದಲಗಿತ್ತಿ ಕರಕೊಂಡು ಬಂದ ಮದಲಿಂಗನ ಕಳೆ ಇತ್ತು.

ಪಡಸಾಲಿ ಬಾಗಲದಾಗ ನಿಂತ ಹೆಂಡತಿ ಹುಲಿಗೆವ್ವಗ ಮಾತ್ರ ನಗು ಬರಲಿಲ್ಲ. ಆಕಿ ಎದಿ ಧಸಕ್ಕಂತು. ಯಾಕ ಅನ್ನೂದನ್ನ ಈಗಽ ಹೇಳಿಬಿಡತೇನಿ, ಮುಚ್ಚಿಟ್ಟು ಆಟ ಆಡಸೂದು ನನಗ ಬರೂದಿಲ್ಲ. ಆ ಓಣಿಗೆಲ್ಲ, ಗಂಡಗ, ಗಂಡನ ಕಾರ್ಖಾನಿ ಮಂದಿಗೆಲ್ಲ ಹುಲಿಗೆವ್ವ ಅಂದ್ರ ತುಂಗಭದ್ರಾ ಹೊಳ್ಯಾಗ ಹುಟ್ಟು ಹಾಕಿ ಬೆಳದಾಕಿ. ಖರೇ ಏನಂದ್ರ, ಆಕಿ ಹುಟ್ಟಿದಾಗಿಂದ ಒಂದು ಸಲನೂ ದೋಣಿಗೆ ಕಾಲಿಟ್ಟಾಕಿ ಅಲ್ಲ.

ಆಕಿ ತವರು ಹೊಳೆಗುಂದಿ, ಹೊಳಿ ದಂಡಿ ಮ್ಯಾಲಿನ ಸಣ್ಣ ಊರು. ಅಪ್ಪ ಮೀನು ಹಿಡಿಯಾಂವ, ಮನಿಗೊಂದು ಹರಗೋಲು ಇತ್ತು. ಆದ್ರ ಅಪ್ಪ ಒಂದು ಕಟ್ಟು ಮಾಡಿಟ್ಟಿದ್ದ: ಮೀನಿನ ಹರಗೋಲಕ್ಕ ಮನಿ ಹೆಣ್ಣುಮಕ್ಕಳು ಕಾಲಿಡಬಾರದು, ಇಟ್ರ ಗಂಗವ್ವ ಸಿಟ್ಟಾಗಿ ಬಲಿ ಖಾಲಿ ಕಳಸ್ತಾಳ. ಅಣ್ಣ ತಮ್ಮಂದಿರು ಚಡ್ಡಿ ಏರಿಸಾಕ ಬರೂದಕ್ಕಿಂತ ಮೊದಲ ಹುಟ್ಟು ಹಿಡದ್ರು. ಹುಲಿಗೆವ್ವ ದಂಡಿ ಮ್ಯಾಲಿನ ಕಲ್ಲಿನ ಮ್ಯಾಲ ಕೂತು ಹರದ ಬಲಿ ಹೊಲದ್ಲು, ಮೀನು ಆರಿಸಿ ಬ್ಯಾರೆ ಮಾಡಿದ್ಲು, ಉಳದ ಹೊತ್ತೆಲ್ಲ ಹೊಳಿ ನೋಡಿದ್ಲು. ಹೊಳಿ ನಡುವ ಹೋದ ಹರಗೋಲು ಸಣ್ಣ ಚುಕ್ಕಿ ಆಗಿ, ಚುಕ್ಕಿನೂ ಬಿಸಲಾಗ ಕರಗಿ, ಅಪ್ಪ ಇದ್ದಾನೋ ಇಲ್ಲೋ ಅನ್ನೂವಂಗ ಆದಾಗ ಆಕಿ ಕಣ್ಣು ಮುಚ್ಚಿ ತಾನಽ ಅದರಾಗ ಕೂತಂಗ ಅಂದ್ಕೊಂತಿದ್ಲು. ಹಂಗ ಅಂದ್ಕೊಂಡು ಅಂದ್ಕೊಂಡು ದೊಡ್ಡಾಕಿ ಆದ್ಲು, ಲಗ್ನ ಆತು, ಧಾರವಾಡಕ್ಕ ಬಂದ್ಲು.

ಧಾರವಾಡದಾಗ ಎಲ್ಲೈತ್ರೀ ಹೊಳಿ? ಗಂಡನ ಮನಿಯವರದು ಅಡ್ಡಹೆಸರು ಅಂಬಿಗೇರ, ಆದ್ರ ಮೂರು ತಲಿಯಿಂದ ಅವರು ಕಂಡ ನೀರಂದ್ರ ನಳದ್ದು ಅಷ್ಟಽ. ಯಮನಪ್ಪ ಬೇಲೂರು ಕೈಗಾರಿಕಾ ಪ್ರದೇಶದಾಗ ಬಸ್ಸಿನ ಬಾಡಿ ಕಟ್ಟೂ ಕಾರ್ಖಾನಿಗೆ ಹೋಗಾಂವ. ಸಂಜೀಕ ತಲಿಯೆಲ್ಲ ಅಲ್ಯೂಮಿನಿಯಂ ಪುಡಿ ಮಾಡಿಕೊಂಡು ಬಂದು ಕಟ್ಟಿ ಮ್ಯಾಲ ಕೂತ್ರ, ತವರು ನೆನಸಿ ಬಾಡಿಕೊಂಡಿದ್ದ ಹೊಸಾ ಹೆಂಡತೀನ ಮಾತಾಡಸಾಕ "ನಿಮ್ಮೂರ ಸುದ್ದಿ ಹೇಳಲಾ" ಅಂತಿದ್ದ. ಆಕಿ ಹೊಳಿ ಸುದ್ದಿ ಹೇಳಿದ್ಲು. ಬೆಳಿಗ್ಗೆ ಮಂಜು ಎದ್ದಾಗ ನೀರು ಹೆಂಗ ಉಸಿರಾಡತೈತಿ, ನಡುಹೊಳ್ಯಾಗ ಹುಟ್ಟು ನಿಲ್ಲಿಸಿದ್ರ ಎಷ್ಟು ಶಾಂತ ಇರತೈತಿ, ಎಲ್ಲಾನೂ. ಒಂದಿನ ಬಾಯಿ ತಪ್ಪಿ "ನಾನಽ ಹುಟ್ಟು ಹಾಕ್ತಿದ್ದೆ" ಅಂದುಬಿಟ್ಲು. ಯಮನಪ್ಪ ಹಂಗಽ ಎದ್ದು ಕೂತು "ನೀನ?" ಅಂದ. ಆ ಮಾರಿ ಮ್ಯಾಲಿನ ಬೆರಗು ನೋಡಿದ ಮ್ಯಾಲ ಹುಲಿಗೆವ್ವಗ ಆ ಮಾತು ಹಿಂದಕ್ಕ ತಗೊಳ್ಳಾಕ ಆಗಲಿಲ್ಲ. ಮೂವತ್ತು ವರ್ಷ ಆತು, ಇನ್ನೂ ಆಗಿಲ್ಲ.

ಈಗ ದೋಣಿ ಯಾಕ ಬಂತು ಅಂದ್ರ, ಅದಕ್ಕ ಹನಮೇಶ ಕಾರಣ. ಹನಮೇಶ ಯಮನಪ್ಪನ ತಂಗಿ ಮಗ, ಮನಿಗಳಿಗೆ ಬಣ್ಣ ಹಚ್ಚಾಂವ. ಅವನೂ ಅವನ ಗೆಳ್ಯಾರೂ ಸೇರಿ ಒಂದು ಮೀನುಗಾರರ ಸಂಘ ಮಾಡಿದ್ರು. ಊರ ಹೊರಗಿನ ಒಂದು ಕೆರಿ ಮೀನು ಹಿಡಿಯೂ ಗುತ್ತಿಗಿ ಆ ಸಂಘಕ್ಕ ಸಿಕ್ಕಿತ್ತು. ಸಂಘದಾಗ ಗೌಂಡಿ ಅದಾರ, ಆಟೋ ಹೊಡಿಯಾಂವ ಅದಾನ, ಪಾನ್ ಅಂಗಡಿಯಾಂವ ಅದಾನ, ಮೀನು ಹಿಡಿಯಾಕ ಬಲ್ಲಾಂವ ಒಬ್ಬನೂ ಇಲ್ಲ! "ಇರ್ಲಿ ಬಿಡ್ರಿ, ನಮ್ಮ ಹುಲಿಗೆವ್ವತ್ತಿ ಅದಾಳ" ಅಂದಿದ್ದ ಹನಮೇಶ. "ಆಕಿ ಕಲಸ್ತಾಳ." ಸಂಘದವರೆಲ್ಲ ಚಪ್ಪಾಳಿ ತಟ್ಟಿದ್ರಂತ.

ಯಮನಪ್ಪ ಅದೇ ವರ್ಷ ನಿವೃತ್ತಿ ಆಗಿದ್ದ. ನಿವೃತ್ತಿ ಆದಾಗಿಂದ ಅಂವ ಪಡಸಾಲ್ಯಾಗ ಕೂತು ಗ್ವಾಡಿ ನೋಡತಿದ್ದ. ಉಣ್ಣು ಅಂದ್ರ ಉಣ್ಣತಿದ್ದ, ಮಲಗು ಅಂದ್ರ ಮಲಗತಿದ್ದ. ಯಾವಾಗ ಹನಮೇಶ "ಮಾಮಾ, ಹುಬ್ಬಳ್ಳಿ ಗುಜರಿಯಾಗ ಒಂದು ಹಳೇ ಅಲ್ಯೂಮಿನಿಯಂ ದೋಣಿ ಬಿದ್ದೈತಿ, ಯಾವುದೋ ರೆಸಾರ್ಟಿನ್ಯಾಗ ಮಂದೀನ ತಿರಗಸ್ತಿತ್ತಂತ" ಅಂದ್ನೋ, ಮುದುಕಗ ಜೀವ ಬಂತು. ಹೋಗಿ ಅದರ ತಳ ಬಡದು ನೋಡಿ, ಸಪ್ಪಳ ಕೇಳಿ, "ಮಾಲು ಛಲೋ ಐತಿ" ಅಂದು ತಂದಽ ಬಿಟ್ಟ. ಮೀನು ಹಿಡಿಯೂ ದೋಣಿ ಮಾಡೂದು ಮನ್ಯಾಗಽ, ತನ್ನ ಕೈಲೇನಽ, ಹೆಂಡತಿ ಸಲುವಾಗಿ.

"ಹುಲಿಗಿ, ನಿನ್ನ ಹೊಳಿ ತರಾಕ ನನ್ನ ಕೈಲೆ ಆಗಲಿಲ್ಲ. ದೋಣಿ ತಂದೇನಿ ನೋಡು" ಅಂದ ಅಂವ, ಇಟ್ಟಂಗಿ ಮ್ಯಾಲ ದೋಣಿ ಇಳಿಸಿ ನಿಲ್ಲಿಸಿ.

ಇಂಥಾ ಮಾತಾಡಿದ ಗಂಡಸಿಗೆ ಎದರು ನಿಂತು ನಾ ಸುಳ್ಳು ಹೇಳಿದ್ದೆ ಅನ್ನಾಕ ಯಾವಾಕಿಗೆ ಬಾಯಿ ಬರತೈತಿ? ಹುಲಿಗೆವ್ವ "ಛಲೋ ಐತ್ರಿ" ಅಂದು ಚಹಾ ಮಾಡಾಕ ಒಳಗ ಹೋದ್ಲು. ಚಹಾಕ್ಕ ಸಕ್ಕರಿ ಹಾಕೂದು ಮರತ್ಲು.

ಮರುದಿನದಿಂದ ಕೆಲಸ ಸುರು. ಯಮನಪ್ಪ ಹಳೇ ಬಣ್ಣ ಕೆರದ, ಸಡಲಾದ ರಿವೆಟ್ ಕಿತ್ತು ಹೊಸಾವು ಬಡದ. ಕಾಲಾಗ ಜಾರಬಾರದಂತ ತಳಕ್ಕ ಪ್ಲೈವುಡ್ ಹಾಸಿ ಮ್ಯಾಲ ಬಸ್ಸಿನ ರಬ್ಬರ್ ಮ್ಯಾಟ್ ಅಂಟಿಸಿದ. ಅಂಚಿಗೆ ಪೈಪಿನ ತುಂಡು ಕೂಡಿಸಿ ಗಾಳದ ಕೋಲು ನಿಲ್ಲೂವಂಗ ಮಾಡಿದ. ಮೀನು ಹಾಕಾಕ ಥರ್ಮಾಕೋಲ್ ಒಳಗ ಹಚ್ಚಿದ ಪೆಟ್ಟಿಗಿ ಮಾಡಿದ. ಮ್ಯಾಲಿನ ಖೋಲಿ ಬಾಡಿಗಿ ಹಿಡದು ಪಿಎಸ್‌ಐ ಪರೀಕ್ಷೆಗೆ ಓದೂ ಹುಡುಗ್ರು ಗ್ಯಾಲರಿಯಿಂದ ಬಗ್ಗಿ "ಕಾಕಾ, ಡ್ರಿಲ್ ಜರಾ ಹಗೂರ ಹೊಡೀರಿ, ಸಂವಿಧಾನ ಓದಾಕತ್ತೇವಿ" ಅಂದ್ರ, "ಓದ್ರೋ ಓದ್ರಿ, ನಾಳೆ ಸಾಹೇಬರಾಗಿ ಕೆರಿಗೆ ಬಂದಾಗ ಮೀನು ತಿನಸ್ತೇನಿ" ಅಂತಿದ್ದ.

ಕೆಲಸ ಅಷ್ಟಽ ಆಗಿದ್ರ ಹುಲಿಗೆವ್ವ ಹೆಂಗರ ತಡಕೊಂತಿದ್ಲು. ಅಂವ ಒಂದೊಂದಕ್ಕೂ ಆಕೀನ ಕೇಳತಿದ್ದ. "ಹೊಳಿ ಹೆಣ್ಣುಮಗಳು ನೀ, ನನಗೇನು ಗೊತ್ತು? ಹೇಳು, ಪೆಟ್ಟಿಗಿ ಮುಂದೋ ಹಿಂದೋ?" ಆಕಿ ಸೆರಗಿಲೇ ಮಾರಿ ಒರಸಿಕೊಂಡು, ಜರಾ ವಿಚಾರ ಮಾಡಿದಂಗ ಮಾಡಿ, "ಹಿಂದ ಇರ್ಲಿ" ಅಂತಿದ್ಲು. ಅಂವ ಹಿಂದಽ ಕೂಡಸ್ತಿದ್ದ. ಆಕಿ ಬಾಯಾಗಿಂದ ಬಂದ ಅಡ್ಡಾದಿಡ್ಡಿ ಮಾತೆಲ್ಲ ರಿವೆಟ್ ಬಿದ್ದು ಗಟ್ಟಿ ಆಕ್ಕೊಂತ ಹೊಂಟಿತ್ತು.

ಒಂದಿನ ಹಂಗಽ ಸೀಟಿನ ಮಾತು ಬಂತು. ಯಮನಪ್ಪ ಕಾರ್ಖಾನಿ ಗೆಳ್ಯಾನ ಕಡೆಯಿಂದ ಬಸ್ಸಿನ ಒಂದು ಡ್ರೈವರ್ ಸೀಟು ತಂದಿದ್ದ. ಕಬ್ಬಿಣದ ಕಾಲು, ಸ್ಪಂಜು, ಹಿಂದ ಒರಗಾಕ ಬೆನ್ನು, ಏನು ಕೇಳತೀರಿ ಅದರ ಥಾಟು! "ಇದು ನಿನಗ. ಎತ್ತರಕ್ಕ ಕೂಡಸ್ತೇನಿ, ಕೆರಿ ಅಷ್ಟೂ ಕಾಣಬೇಕು ನಿನಗ. ಬಲಗಡೆ ತಾನ?"

ಬಲಗಡೆ ಯಾಕ ಅಂದ್ರ ಬಸ್ಸಿನ ಡ್ರೈವರ್ ಬಲಗಡೆ ಕೂಡ್ತಾನ. ಅಷ್ಟು ವರ್ಷ ಬಸ್ ಕಟ್ಟಿದ ಮನಷಾಗ ಇನ್ನೊಂದು ಹೊಳಿಯೂದಾರ ಹೆಂಗ? ಹುಲಿಗೆವ್ವ ಒಂದು ಗಳಿಗಿ ಕಣ್ಣು ಮುಚ್ಚಿದ್ರ ಅಪ್ಪ ಹರಗೋಲಿನ ತಳದಾಗ ಮೊಣಕಾಲು ಮಡಚಿ ಕೂತದ್ದು ಕಾಣತಿತ್ತು. ಆದ್ರ ಆಕಿ ಕಣ್ಣು ಮುಚ್ಚಲಿಲ್ಲ. ಗಂಡ ಸೀಟಿನ ಮ್ಯಾಲಿನ ಧೂಳು ತನ್ನ ಅಂಗಿಲೇ ಒರಸಾಕತ್ತಿದ್ದು ನೋಡಿದ್ಲು. "ಹೂಂ ರೀ, ಬಲಗಡೆನಽ" ಅಂದ್ಲು.

ತೂತು ನೋಡೂ ದಿನ ಓಣಿಗೊಂದು ಹಬ್ಬ ಆತು. ದೋಣಿ ಸೋರತೈತೋ ಇಲ್ಲೋ ತಿಳೀಬೇಕಂದ್ರ ನೀರಿಗೆ ಬಿಡಬೇಕಂತೇನಿಲ್ಲ, ಒಳಗ ನೀರು ತುಂಬಿ ಹೊರಗ ಎಲ್ಲಿ ಹನಿ ಕಾಣತೈತಿ ನೋಡಿದ್ರೂ ಆತು. ಯಮನಪ್ಪ ಟ್ಯಾಂಕರ್ ತರಸಿದ. ಮುಂಜಾನೆಯಿಂದ ಸಂಜೀತನಾ ದೋಣಿ ತುಂಬ ನೀರು ನಿಂತಿತ್ತು. ಇಳಿಹೊತ್ತಿನ ಬೆಳಕು ಬಿದ್ದು, ಬೇವಿನ ಟೊಂಗಿ, ಒಣಗಾಕ ಹಾಕಿದ ಹುಡುಗರ ಅಂಗಿ, ಮುಗಲಿನ ಮಾಡ, ಎಲ್ಲಾ ಆ ದೋಣ್ಯಾಗ ಇಳದಿದ್ವು. ಹುಲಿಗೆವ್ವ ಮೊಣಕೈತನಾ ಕೈ ಬಿಟ್ಲು. ನೀರು ಬೆಚ್ಚಗಿತ್ತು. ಬೆರಳಾಡಿಸಿದ್ರ ಮಾಡ ಒಡದು ಮತ್ತ ಕೂಡಿಕೊಂತಿತ್ತು. ಧಾರವಾಡಕ್ಕ ಬಂದಾಗಿಂದ ಒಂದಽ ಕಡೆ ಇಷ್ಟು ನೀರು ತನ್ನ ಮನಿ ಅಂಗಳದಾಗ ಆಕಿ ಕಂಡಿರಲಿಲ್ಲ. ಆಕಿಗೆ ಅಳು ಬಂತು, ಖುಷಿಗೋ ಅಂಜಿಕಿಗೋ ಆಕಿಗೂ ತಿಳೀಲಿಲ್ಲ. ಒಂದು ಹನಿನೂ ಸೋರಲಿಲ್ಲ. ಆಮ್ಯಾಲ ಓಣಿ ಹೆಣ್ಣುಮಕ್ಕಳು ಕೊಡ ಬಕೀಟು ತಂದು ಆ ನೀರು ಗೋರಿಕೊಂಡು ಹೋದ್ರು, ಅರಬಿ ಒಗಿಯಾಕ ಆತು ಅಂತ.

ಅಲ್ಲಿಂದ ಮುಂದ ಮಧ್ಯಾಹ್ನಕ್ಕೊಮ್ಮೆ, ಗಂಡ ಸಾಮಾನು ತರಾಕ ಪ್ಯಾಟಿಗೆ ಹೋದಾಗ, ಹುಲಿಗೆವ್ವ ದೋಣಿ ಹತ್ತಿ ಕೂಡಾಕ ಸುರು ಮಾಡಿದ್ಲು. ಸೀಟು ಇನ್ನೂ ಬಿಗದಿರಲಿಲ್ಲ. ಆಕಿ ಮ್ಯಾಟಿನ ಮ್ಯಾಲ ಮೊಣಕಾಲು ಮಡಚಿ ಕೂತು, ಯಮನಪ್ಪ ಬಿದರಿನ ಕೋಲಿಗೆ ತಗಡು ಬಡದು ಮಾಡಿದ ಹುಟ್ಟನ್ನ ಗಾಳ್ಯಾಗ ಎಳಿತಿದ್ಲು. ಬೇವಿನ ನೆರಳು ಬಿಳೀ ತಗಡಿನ ಮ್ಯಾಲ ನೀರಾಡಿದಂಗ ಆಡತಿತ್ತು. ಮ್ಯಾಲ ಹುಡುಗ್ರು ಬಾಯಿಪಾಠ ಮಾಡೂ ಗುಣುಗುಣು ಸಪ್ಪಳ ದೂರದ ಹೊಳಿ ಸಪ್ಪಳ ಆಗತಿತ್ತು. ಅಂಗಳ ಮೆಲ್ಲಕ ಹಿಂದಕ್ಕ ಸರೀತಿತ್ತು. ತುಳಸಿಕಟ್ಟಿ ಹೋತು, ಹಿತ್ತಲ ಬಾಗಲ ಹೋತು, ಸಪ್ತಾಪುರದ ಟ್ಯೂಶನ್ ಬೋರ್ಡುಗಳು ಒಂದೊಂದಽ ದಾಟಿದ್ವು. ಮಂಜಿನಾಗಿಂದ ಅಪ್ಪನ ಬೆನ್ನು ಕಾಣತಿತ್ತು. ಆಕಿ ಅವನ ಬಾಜೂಕಽ ಹಾದು ಮುಂದ ಹೋಗತಿದ್ಲು, ಅಂವ ಬೈಯ್ಯಾಕ ಬಾಯಿ ತೆರಿಯೂದ್ರಾಗ ಆಕಿ ನಡುಹೊಳ್ಯಾಗ ಇರತಿದ್ಲು.

"ಯಾ ಅಲ್ಲಾ! ಹುಲಿಗೆವ್ವಾ, ಎಲ್ಲಿತನಾ ಹೋದಿ?"

ಬಾಜೂ ಮನಿ ಮಕ್ತುಮಬಿ ಕಂಪೌಂಡ್ ಮ್ಯಾಲಿಂದ ಇಣಕಿದ್ಲು. ಕೊರಳಾಗ ಅಳತಿ ಟೇಪು, ತುಟಿಯಾಗ ಗುಂಡಸೂಜಿ. ಮೂವತ್ತು ವರ್ಷದ ನೆರಿ, ಓಣಿಗೆಲ್ಲ ಜಂಪರ್ ಹೊಲದು ಕೊಡಾಕಿ. ಹುಲಿಗೆವ್ವ ಹುಟ್ಟು ಕೆಳಗಿಟ್ಟು, ಮಾರಿ ಮುಚ್ಚಿಕೊಂಡು, ಎಲ್ಲಾ ಹೇಳಿಬಿಟ್ಲು. ಅಪ್ಪನ ಕಟ್ಟು, ದಂಡಿ ಮ್ಯಾಲಿನ ಕಲ್ಲು, ಬಾಯಿ ತಪ್ಪಿ ಬಂದ ಮಾತು, ಎಲ್ಲಾ.

ಮಕ್ತುಮಬಿ ಗುಂಡಸೂಜಿ ಒಂದೊಂದಽ ತಗದು ಸೆರಗಿಗೆ ಚುಚ್ಚಿಕೊಂಡ್ಲು. "ನಿನ್ನ ಹೊಳಿ ಸುದ್ದಿ ನಾನೂ ಈ ಗ್ವಾಡಿ ಆಚೆಯಿಂದ ಕೇಳೇನಿ. ಮಷೀನ್ ತುಳಕೊಂತ ನಾನೂ ಅದರಾಗ ತೇಲ್ಯಾಡೇನಿ ಬಿಡು. ನನಗೇನೂ ಸಿಟ್ಟಿಲ್ಲ" ಅಂದ್ಲು. ಆಮ್ಯಾಲ ದನಿ ಬದಲಾತು. "ಆದ್ರ ನಿನ್ನ ಗಂಡಗ ಈಜಾಕ ಬರತೈತೇನು?"

"ಇಲ್ಲ ಬೀಬಿ."

"ಹನಮೇಶಗ?"

"ಇಲ್ಲ."

"ಮತ್ತ? ನೀ ಅದೀ ಅಂತ ಅವರು ದೋಣಿ ಹತ್ತಾರು. ನಿನ್ನ ಮಾತು ನಂಬಿ ನೀರಿಗೆ ಹೋಗಾರು. ಹೇಳಿಬಿಡವಾ, ಇವತ್ತಽ ಹೇಳು."

ಹುಲಿಗೆವ್ವಗ ಅಲ್ಲೀತನಾ ತನ್ನ ಮಾನ ಹೋಗೂದಷ್ಟಽ ಕಾಣತಿತ್ತು. ಈಗ ಗಂಡ ನೀರಾಗ ಮುಳುಗೂದು ಕಂಡಿತು. ಸಂಜೀಕ ಅಂವ ಬರೂದನ್ನ ಬಾಗಲದಾಗಽ ನಿಂತು ಕಾದ್ಲು. ಬಂದ. "ರೀ, ಒಂದು ಮಾತು ಹೇಳೂದೈತಿ" ಅಂದ್ಲು.

"ಮೊದಲ ಇದನ್ನ ನೋಡು" ಅಂದ ಯಮನಪ್ಪ. ಚೀಲದಾಗಿಂದ ಒಂದು ತಗಡಿನ ಬೋರ್ಡು ತಗದ. ಬಸ್ಸಿನ ಹಣಿ ಮ್ಯಾಲ ಇರತೈತಲ್ಲ, ಅಂಥಾದ್ದು. ಹಳದಿ ಬಣ್ಣದ ಮ್ಯಾಲ ಕರೀ ಅಕ್ಷರದಾಗ ದುಂಡಗ ಬರಸಿದ್ದ: ಧಾರವಾಡ – ಹೊಳೆಗುಂದಿ. "ದೋಣಿ ಮುಂದ ಹಚ್ಚೂದು. ಹೆಂಗೂ ನೀ ಕೂತಮ್ಯಾಲ ಅದು ಅಲ್ಲೇ ಹೋಗತೈತಿ" ಅಂದು ಸಣ್ಣ ಹುಡುಗನಂಗ ನಕ್ಕ. "ಏನೋ ಹೇಳಾಕತ್ತಿದ್ದಿ?"

"ಪಲ್ಯಾಕ್ಕ ಉಪ್ಪು ಹೆಚ್ಚಾಗೇತ್ರಿ" ಅಂದ್ಲು ಹುಲಿಗೆವ್ವ.

ನನಗ ಆಕಿ ಮ್ಯಾಲ ಸಿಟ್ಟು ಬರತೈತಿ, ನಿಮಗೂ ಬಂದಿರತೈತಿ. ಆದ್ರ ಆ ಬೋರ್ಡು ಹಿಡಕೊಂಡು ನಿಂತ ಮುದುಕನ ಮಾರಿ ನೀವು ನೋಡಿದ್ರ ನೀವೂ ಉಪ್ಪಿನ ಮಾತಽ ಆಡತಿದ್ರಿ.

ಕಾರ್ತಿಕದಾಗ ಒಂದು ಮುಂಜಾನೆ ದೋಣಿ ಕೆರಿಗೆ ಹೋತು. ಮಳಿ ಛಲೋ ಆಗಿತ್ತು, ಕೆರಿ ತುಂಬಿ ದಂಡಿ ಮ್ಯಾಲಿನ ಹುಲ್ಲು ಮುಟ್ಟಿತ್ತು. ನೀರಿನ ಮ್ಯಾಲ ತೆಳ್ಳನ ಮಂಜು. ಕೊಕ್ಕರೆ ಒಂದು ಕಾಲ ಮ್ಯಾಲ ನಿಂತು ಇವರನ್ನಽ ನೋಡಾಕತ್ತಿತ್ತು. ಹನಮೇಶ ಸಂಘದವರನ್ನೆಲ್ಲ ಕರಕೊಂಡು ಬಂದಿದ್ದ, ಮಕ್ತುಮಬಿನೂ ಆಟೋದಾಗ ಬಂದಿದ್ಲು. ಹುಲಿಗೆವ್ವ ದೋಣಿಗೆ ಅರಿಷಿಣ ಕುಂಕುಮ ಹಚ್ಚಿ, ಹೊಸಾ ಖಣ ಹಾಸಿ, ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಎಲಿ ಅಡಿಕಿ ಇಟ್ಟು ಉಡಿ ತುಂಬಿದ್ಲು, ಮನಿಮಗಳನ್ನ ಗಂಡನ ಮನಿಗೆ ಕಳಸೂ ಹಂಗ. ಕುಂಕುಮ ಒಂದಽ ಜಾಗಾದಾಗ ಮೂರು ಸಲ ಹಚ್ಚಿದ್ಲು. ನೋಡಿದವರು ಭಕ್ತಿ ಅಂದ್ಕೊಂಡ್ರು.

ನಾಕು ಮಂದಿ ಕೂಡಿ ದೋಣಿ ನೀರಿಗೆ ನೂಕಿದ್ರು. ಅದು ಜರಾ ಬಲಕ್ಕ ವಾಲಿ ನಿಂತಿತು. "ಬಸ್ಸಿನ್ಯಾಗ ಮಂದಿ ಹತ್ತಿದ ಮ್ಯಾಲ ಸಮಾ ಆಗತೈತಿ" ಅಂದ ಯಮನಪ್ಪ. ಬಿಳೀ ಧೋತರ, ಇಸ್ತ್ರಿ ಅಂಗಿ. ತನ್ನ ಸಲುವಾಗಿ ಎಡಗಡೆ ಹಿಂದ ಒಂದು ಸಣ್ಣ ಸೀಟು ಮಾಡಿಕೊಂಡಿದ್ದ, ಹಿಡಕೊಳ್ಳಾಕ ಕಂಬಿ ಸೈತ. "ಬಾ ಹುಲಿಗಿ, ನೀ ಹತ್ತು ಮೊದಲ, ನಿನ್ನ ಬೆನ್ನ ಹಿಂದ ನಾ ಕೂಡ್ತೇನಿ. ಆಚೆ ದಂಡಿ ಮುಟ್ಟಿ ಬರೂಣು."

ಆಚೆ ದಂಡಿ! ಹುಲಿಗೆವ್ವ ಕೆರಿ ನಡುವ ನೋಡಿದ್ಲು. ಅಲ್ಲಿ ನೀರು ಕರ್ರಗ ಇತ್ತು. ಗಂಡನ ಕಾಲು ಆಗಲೇ ದೋಣಿ ಅಂಚಿನ ಮ್ಯಾಲ ಬಂದಿತ್ತು.

"ನಿಂದರ್ರೀ!" ಅಂತ ಚೀರಿದ್ಲು ಆಕಿ. ಎಲ್ಲಾರೂ ತಿರುಗಿ ನೋಡಿದ್ರು. "ಗಂಡಸರು ಕಾಲಿಡಬಾರದು. ಹೊಸಾ ದೋಣ್ಯಾಗ ಮೊದಲ ಸಲ ಉಡಿ ತುಂಬಿದಾಕಿ ಒಬ್ಬಾಕಿನಽ ಹೋಗಬೇಕು. ನಮ್ಮಪ್ಪನ ಮನಿ ಕಟ್ಟು ಅದು."

ಅಪ್ಪನ ಕಟ್ಟನ್ನ ತಲಿಕೆಳಗ ಮಾಡಿಟ್ಲು ನೋಡ್ರಿ! ಯಮನಪ್ಪನ ಮಾರಿ ಸಣ್ಣದಾತು, ಆದ್ರ ಗಂಗವ್ವನ ಮಾತು ಅಂತ ತಿಳದು ಕಾಲು ಹಿಂದಕ್ಕ ತಗೊಂಡ. ಮಕ್ತುಮಬಿಗೆ ಅರ್ಥ ಆತು. ಆಕಿ "ಹುಲಿಗೆವ್ವಾ, ಬ್ಯಾಡ" ಅಂದ್ಲು ಮೆಲ್ಲಕ. ಹುಲಿಗೆವ್ವ ಕೇಳಲಿಲ್ಲ. ಹೋದ್ರ ತನ್ನದೊಂದಽ ಜೀವ ಹೋಗಲಿ ಅಂದ್ಕೊಂಡು, ಕಚ್ಚಿ ಬಿಗದು, ದೋಣಿ ಹತ್ತಿ ಬಸ್ಸಿನ ಸೀಟಿನ ಮ್ಯಾಲ ಕೂತ್ಲು.

ಕೂತ್ಲು ಅನ್ನೂದ್ರಾಗ ಆಗಿಹೋತು. ಎತ್ತರದ ಸೀಟು, ಕಬ್ಬಿಣದ ಕಾಲು, ಬಲಗಡೆ ಇಡೀ ಹೆಣ್ಣುಮಗಳ ಭಾರ. ಹುಟ್ಟು ನೀರಿಗೆ ತಾಗಿಸಾಕ ಆಕಿ ಬಗ್ಗಿದ್ಲು, ದೋಣಿ ಆಕಿ ಕೂಡ ಬಗ್ಗಿತು, ಎಡಗಡೆ ಅಂಚು ಮುಗಲಿಗೆ ಎದ್ದಿತು. ಹುಲಿಗೆವ್ವ ಸೆರಗು, ಕುಂಕುಮ, ಉತ್ತತ್ತಿ ಸೈತ ಧಪ್ ಅಂತ ನೀರಾಗ ಬಿದ್ಲು.

ದಂಡಿ ಮ್ಯಾಲ ಬೊಬ್ಬಿ ಎದ್ದಿತು. ಅದರೊಳಗ ಒಂದು ದನಿ ಎಲ್ಲಾರಕಿಂತ ಜೋರಿತ್ತು. ಈಜಾಕ ಬರದ ಯಮನಪ್ಪ "ಹುಲಿಗೀ" ಅಂತ ಒದರಿಕೊಂತ ನೀರಾಗ ಓಡಿ ಬರಾಕತ್ತಿದ್ದ. ಮೊಣಕಾಲು, ತೊಡಿ, ನಡಾ. ಆಕಿ ರಾಡ್ಯಾಗ ಕಾಲೂರಿ ಎದ್ದು ನಿಂತಾಗ ನೀರು ಆಕಿಗೂ ನಡಾತನಾ ಅಷ್ಟಽ ಇತ್ತು. ಇಬ್ರೂ ಎದರಾ ಬದರಾ ನಿಂತ್ರು. ಅವನ ಹಲ್ಲು ಕಟಕಟ ಅಂತಿದ್ವು.

"ಏನಾತಲೇ? ನಿನಗ ಹಿಂಗ ಹೆಂಗಾತು?"

"ನನಗ ಬರೂದಿಲ್ರೀ" ಅಂದ್ಲು ಹುಲಿಗೆವ್ವ. "ನನಗ ಹುಟ್ಟು ಹಾಕಾಕ ಬರೂದಿಲ್ಲ. ನಾ ಎಂದೂ ದೋಣಿ ಹತ್ತಿದಾಕಿ ಅಲ್ಲ. ದೋಣ್ಯಾಗ ನೀರಿಗೆ ಇಳದಿದ್ದು ಇವತ್ತಽ ಮೊದಲು. ನಮ್ಮಪ್ಪ ಹತ್ತಾಕ ಬಿಡಲಿಲ್ಲ. ನಾ ದಂಡಿ ಮ್ಯಾಲ ಕೂತು ನೋಡಿದಾಕಿ."

ಯಮನಪ್ಪ ಒಂದು ಹೆಜ್ಜಿ ಹಿಂದಕ್ಕ ಸರದ.

"ಮೂವತ್ತು ವರ್ಷ ನನಗ ಸುಳ್ಳು ಹೇಳಿದಿ?"

"ನಿಮಗ ಹೇಳಲಿಲ್ರಿ. ನನಗ ನಾನಽ ಹೇಳಿಕೊಂತಿದ್ದೆ. ನೀವು ಕೇಳಸಿಕೊಂಡ್ರಿ."

ಅಂವ ತಿರುಗಿ ಕಾಲೆಳಕೊಂತ ದಂಡಿಗೆ ಹೋಗಿ, ಎಲ್ಲಾರಿಗೂ ಬೆನ್ನು ಮಾಡಿ ಒಂದು ಕಲ್ಲಿನ ಮ್ಯಾಲ ಕೂತ. ಧೋತರದಿಂದ ನೀರು ಸುರಿಯಾಕತ್ತಿತ್ತು. ಹನಮೇಶ ಮಾಮಾನ್ನೂ ಅತ್ತೀನೂ ನೋಡಿ, "ಹೋಗ್ಲಿ ಬಿಡ್ರಿ ಅತ್ತಿ, ದೋಣಿ ತಿರುಗಿ ಗುಜರಿಗೆ ಕೊಡೂಣು" ಅಂದ.

ಹುಲಿಗೆವ್ವಗ ಆ ಮಾತು ಕೇಳಿ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ನೆತ್ತಿಗೇರಿತು. "ಗುಜರಿಗೆ ಕೊಡಾಕ ನಿಮ್ಮ ಮಾಮಾ ಮೂರು ತಿಂಗಳು ಬೆವರು ಸುರಿಸಿಲ್ಲ! ಬೋಲ್ಟು ಬಿಚ್ಚೂ ಪಾನಾ ತಾ ಇಲ್ಲಿ" ಅಂದ್ಲು. ಪಾನಾ ಬಂತು. ಗಂಡ ಬೋಲ್ಟು ಬಿಗಿಯೂದನ್ನ ಆಕಿ ದಿನಾ ನೋಡಿದ್ಲು, ಬಿಚ್ಚೂದು ಅದರ ಉಲ್ಟಾ ಅಷ್ಟಽ ತಾನ? ನೀರಾಗ ನಿಂತಽ ಡ್ರೈವರ್ ಸೀಟಿನ ಬೋಲ್ಟು ಒಂದೊಂದಽ ಬಿಚ್ಚಿ, ಸೀಟು ಎತ್ತಿ ಹನಮೇಶನ ಕೈಗೆ ಕೊಟ್ಲು. ಒಳಗ ಬಂದ ನೀರು ಡಬ್ಬಿಲೆ ಗೋರಿ ಚೆಲ್ಲಿದ್ಲು. ದೋಣಿ ಸಮಾ ನಿಂತಿತು.

ಆಮ್ಯಾಲ ಆಕಿ ಕಣ್ಣು ಮುಚ್ಚಿದ್ಲು. ಅಪ್ಪ ಕಂಡ. ತಳದಾಗ ನಟ್ಟನಡುವ, ಮೊಣಕಾಲು ಮಡಚಿ, ಹುಟ್ಟು ಎದಿಗೆ ಹತ್ತರ ಹಿಡದು, ಮೆಲ್ಲಕ ತನ್ನ ಕಡೆ ನೀರು ಎಳಕೊಳ್ಳಾಕತ್ತಿದ್ದ. ಈ ಸಲ ಆಕಿ ತನ್ನ ಕಡೆಯಿಂದ ಏನೂ ಕೂಡಸಲಿಲ್ಲ, ಕಂಡದ್ದನ್ನಷ್ಟಽ ನೋಡಿದ್ಲು. ಕಣ್ಣು ತೆರದು ದೋಣಿ ಒಳಗ ಹೊಕ್ಕು ಅದಽ ಜಾಗಾದಾಗ ಹಂಗಽ ಕೂತ್ಲು. ಹುಟ್ಟು ಹಾಕಿದ್ಲು. ದೋಣಿ ಒಂದು ಸುತ್ತು ಸುಮ್ಮನ ತಿರುಗಿತು, ಸಂಘದಾಗ ಯಾರೋ ಕಿಸಕ್ಕಂದ್ರು. ಇನ್ನೊಂದು ಬಾಜೂ ಹಾಕಿದ್ಲು. ದೋಣಿ ಮುಂದ ಹೋತು.

ಹೋತ್ರೀ, ಖರೇನಽ ಹೋತು. ಮಂಜು ಸರದು ದಾರಿ ಕೊಟ್ಟಿತು. ತಳದ ತಗಡಿನ ಕೆಳಗ ನೀರು ಗುಳುಗುಳು ಅನ್ನೂದು ಆಕಿ ಮೊಣಕಾಲಿಗೆ ತಿಳೀತಿತ್ತು. ಈ ಸಪ್ಪಳ ಆಕಿ ಯಾವ ಕಥಿಯಾಗೂ ಹೇಳಿರಲಿಲ್ಲ, ದಂಡಿ ಮ್ಯಾಲ ಕೂತಾಕಿಗೆ ಅದು ಕೇಳೂದಽ ಇಲ್ಲಲ್ಲ. ಹುಟ್ಟಿನಿಂದ ಹನಿ ಮೊಣಕೈಗೆ ಇಳದು ಜಂಪರ್ ತೋಯಸ್ತು. ನೀರಿನ ವಾಸನಿ ಮೂಗಿಗೆ ಅಲ್ಲ, ಬಾಯಿಗೆ ಬಂತು. ಆಕಿ ಹುಟ್ಟು ನಿಲ್ಲಿಸಿ ಹಿಂದಕ್ಕ ನೋಡಿದ್ಲು. ಸಣ್ಣಾಕಿ ಇದ್ದಾಗಿಂದ ದಂಡಿಯಿಂದ ನೀರು ನೋಡಿದಾಕಿಗೆ ನೀರಿನಿಂದ ದಂಡಿ ಎಷ್ಟು ಸಣ್ಣದು ಕಾಣತೈತಿ ಅನ್ನೂದು ಗೊತ್ತಽ ಇರಲಿಲ್ಲ. ಮಂದಿ ಬೆರಳಷ್ಟಷ್ಟಽ ಕಂಡ್ರು. ಅವರೊಳಗ ಒಂದು ಬಿಳೀ ಬೆರಳು ಕಲ್ಲಿನ ಮ್ಯಾಲಿಂದ ಎದ್ದು ನೀರಿನ ಅಂಚಿಗೆ ಬಂದು ನಿಂತಿತ್ತು.

ಯಮನಪ್ಪ ಬಾಯಿಗೆ ಎರಡೂ ಕೈ ಹಿಡದು ಒದರಿದ. ದನ್ಯಾಗ ಇನ್ನೂ ಸಿಟ್ಟಿತ್ತು, ಕೇಳದಽ ಇರಾಕೂ ಆಗವಲ್ದಾಗಿತ್ತು.

"ಈಗರ ಖರೇ ಹೇಳು! ಹೆಂಗೈತಿ?"

ಹುಲಿಗೆವ್ವ ಬಾಯಿ ತೆರದ್ಲು. ಓಣಿಗೆಲ್ಲ ಹೊಳಿ ಹರಿಸಿದ ಬಾಯಿ ಅದು. ಈಗ ನಗು ಬಂತು, ಅಳು ಬಂತು, ಮತ್ತ ನಗು ಬಂತು.

"ನಾ ಹೇಳಿದಂಗ ಇಲ್ಲಽ ಇಲ್ರೀ!" ಅಂತ ಕೂಗಿದ್ಲು. "ನೀವಽ ಬಂದು ನೋಡ್ರಿ!"

ದಂಡಿ ಮ್ಯಾಲ ಆ ಬಿಳೀ ಬೆರಳು ಬಗ್ಗಿ ತೊಯ್ದ ಧೋತರ ಎತ್ತಿ ಕಟ್ಟಿತು, ನೀರಾಗ ಕಾಲಿಟ್ಟಿತು.

"ಅಲ್ಲೇ ಇರ್ರಿ, ಮುಂದ ಬರಬ್ಯಾಡ್ರಿ, ನಾ ಬರತೇನಿ" ಅಂದ್ಲು ಹುಲಿಗೆವ್ವ. ತಿರುಗಿ ಬರೂದು ಹೆಂಗ ಅಂತ ಆಕಿಗೆ ಗೊತ್ತಿರಲಿಲ್ಲ. ಒಂದು ಸಲ ಹುಟ್ಟು ಹಾಕಿದ್ಲು, ದೋಣಿ ಆಚೆಗೇ ಹೋತು. ಇನ್ನೊಂದು ಬಾಜೂ ಹಾಕಿದ್ಲು, ಅದರ ಮಾರಿ ಮೆಲ್ಲಕ ದಂಡಿ ಕಡೆ ತಿರುಗಿತು.